ರೈತನ ಬದುಕಿನಲ್ಲಿ ಹಾಡಿನ ಪಾತ್ರ

(ಬೆಳ್ಳಿ ಹಬ್ಬದ ಎರಡನೆಯ ದಿನದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಿನ್ನೆಯಿಂದ ಈ ಮಂಟಪದಾಗ ಬಹಳ ಉಪಯುಕ್ತ ಮಾತುಗಳು ಬಂದವು. ಮಣ್ಣು ಪರೀಕ್ಷೆ ಬಗ್ಗೆ ಕೃಷಿ ಅಧಿಕಾರಿಗಳು ಹೇಳಿದರು. ಬೆಳೆವಿಮೆ ಬಗ್ಗೆ ಬ್ಯಾಂಕಿನವರು ಹೇಳಿದರು. ಸಾಲ ವಸೂಲಾತಿ ಬಗ್ಗೆ ನಮ್ಮ ಅಧ್ಯಕ್ಷರು ಹೇಳಿದ್ದನ್ನು ಕೆಲವರು ಕೇಳಿದರು, ಕೆಲವರು ಅಷ್ಟೊತ್ತಿಗೆ ಚಹಾ ಕುಡಿಯಲು ಹೊರಗೆ ಹೋದರು. (ನಗು) ನಮ್ಮ ಪಾಲಿಗೆ ಬಂದ ವಿಷಯ ಹಾಡು. ಸಮಿತಿಯವರು "ನೀವು ಭಜನಿ ಮಂದಿ, ಹಾಡಿನ ಬಗ್ಗೆನ ಎರಡು ಮಾತಾಡ್ರಿ" ಅಂದರು. ಅಲ್ಲೇ ಕುಂತಿದ್ದ ಒಬ್ಬ ಹಿರಿಯರು, "ಸೊಸೈಟಿಗೂ ಪದಕ್ಕೂ ಏನು ಸಂಬಂಧರಿ, ಪದ ಹಾಡಿದರ ಕಂತು ತುಂಬತೈತೇನು?" ಅಂತ ಕೇಳಿದರು. ಅವರು ಕೇಳಿದ್ದು ತಪ್ಪಲ್ಲ. ಕಂತು ತುಂಬೋದಿಲ್ಲ. ಅದನ್ನ ಮೊದಲೇ ಒಪ್ಪಿಕೊಂಡು ಮಾತು ಸುರು ಮಾಡುತ್ತೇವೆ.

ನಾವು ಎಸ್.ಎಸ್.ಎಲ್.ಸಿ. ಓದಿದವರು. ಸಂಗೀತ ಶಾಸ್ತ್ರ ನಮಗೆ ಗೊತ್ತಿಲ್ಲ. ರಾಗದ ಹೆಸರು ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ. ಕೈಯಲ್ಲಿ ತಾಳ ಹಿಡಿದು, ಮುಂದಿನವರು ಹೇಳಿದ ಸೊಲ್ಲನ್ನು ಹಿಂದಿನಿಂದ ಹೇಳುವ ಮಂದಿ ನಾವು. ಆದ್ದರಿಂದ ಕಂಡದ್ದು ಹೇಳುತ್ತೇವೆ.

ನಮ್ಮ ಅವ್ವನ ಕಾಲಕ್ಕೆ ಬೀಸುವ ಕಲ್ಲು ಇತ್ತು. ನಸುಕಿನ ನಾಲ್ಕಕ್ಕೆ ಎದ್ದು ಜೋಳ ಬೀಸಲು ಕೂತರೆ ಪದ ತಾನೇ ಬರುತ್ತಿತ್ತು. ತವರುಮನಿ, ಅಣ್ಣತಮ್ಮಂದಿರು, ಸತ್ತ ಕೂಸು, ಬೈಯುವ ಅತ್ತಿ, ಎಲ್ಲವೂ ಆ ಪದದಾಗ ಬರುತ್ತಿದ್ದವು. ನಾವು ಸಣ್ಣವರಿದ್ದಾಗ ಕೌದಿಯೊಳಗೆ ಮಲಗಿ ಕೇಳಿದ್ದೇವೆ. ಅತ್ತಿ ಪಕ್ಕದ ಕೋಣೆಯಲ್ಲೇ ಇರುತ್ತಿದ್ದಳು, ಅವಳಿಗೂ ಕೇಳುತ್ತಿತ್ತು. ಆದರೆ ಪದದಾಗ ಹೇಳಿದ್ದಕ್ಕೆ ಯಾರೂ ಜಗಳ ತೆಗೆಯುವಂತಿಲ್ಲ, ಅದೊಂದು ಕಾಯ್ದೆ ಇದ್ದಂಗ ಇತ್ತು. ಎದುರಿಗೆ ಹೇಳಲಾಗದ್ದನ್ನು ಕಲ್ಲಿಗೆ ಹೇಳುತ್ತಿದ್ದರು. ಈಗ ಗಿರಣಿ ಬಂದೈತಿ, ಕಷ್ಟ ಕಡಿಮೆ ಆಗೈತಿ, ಅದು ಒಳ್ಳೇದೇ. ಯಾರ ಮನಿಯ ಹೆಣ್ಣುಮಗಳಿಗೂ ಮತ್ತೆ ಬೀಸುವ ಕಲ್ಲು ಬರಲಿ ಅಂತ ನಾವು ಹೇಳುವುದಿಲ್ಲ. ಆದರೆ ಕಲ್ಲಿಗೆ ಹೇಳುತ್ತಿದ್ದ ಮಾತು ಈಗ ಯಾರಿಗೆ ಹೇಳಬೇಕು?

ಗಂಡಸರಿಗೆ ಹಂತಿ ಇತ್ತು. ಕಣದ ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ, ಜೋಳದ ತೆನಿ ತುಳಿಸುತ್ತಾ ರಾತ್ರಿಯೆಲ್ಲಾ ತಿರುಗಬೇಕು. ನಿದ್ದಿ ಬಂದರೆ ಕೆಲಸ ಕೆಟ್ಟಿತು, ಎತ್ತು ನಿಂತವು. ಅದಕ್ಕೇ ಹಂತಿ ಪದ. ಒಬ್ಬರು ಎತ್ತಿಕೊಂಡರೆ ಮತ್ತೊಬ್ಬರು ಮುಂದಿನ ಕಣದಿಂದ ಉತ್ತರ ಕೊಡುತ್ತಿದ್ದರಂತೆ. ನಾವು ಅದರ ಬಾಲ ಮಾತ್ರ ಕಂಡವರು. ರಾಶಿ ಮಾಡುವ ಮಷೀನು ಬಂದು ಒಂದು ತಾಸಿನಲ್ಲಿ ಎಲ್ಲಾ ಮುಗಿಸಿತು, ಪದವೂ ಅದರ ಜೊತೆ ಹೋಯಿತು. ಈಗ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಹಾಡು ಹಚ್ಚಿ ಸೀರಿ ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಒಂದು ಸಾಲಿನಲ್ಲಿ ಹತ್ತು ಮಂದಿ ಇದ್ದರೆ ನಾಲ್ಕು ತರಹದ ಹಾಡು.

ಹತ್ತಿ ಅಂದಾಗ ಒಂದು ಮಾತು ನೆನಪಾಯಿತು. ಇದನ್ನು ನಮಗೆ ಒಬ್ಬ ನಿವೃತ್ತ ಮೇಷ್ಟ್ರು ಹೇಳಿದ್ದು. ಅಮೆರಿಕ ದೇಶದ ದಕ್ಷಿಣ ಭಾಗದಲ್ಲಿ ನಮ್ಮ ಹಾಂಗೇ ಹತ್ತಿ ಬೆಳೆಯುತ್ತಾರೆ. ಅಲ್ಲಿಗೆ ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಗುಲಾಮರನ್ನಾಗಿ ದುಡಿಸಿದರು. 1865ರಲ್ಲಿ ಆ ಪದ್ಧತಿ ಕಾಯ್ದೆಯಿಂದ ನಿಂತಿತು. ಆ ಜನ ಹತ್ತಿ ಹೊಲದಲ್ಲಿ ಒಬ್ಬರು ಹೇಳುವುದು, ಉಳಿದವರು ಅದಕ್ಕೆ ಸೊಲ್ಲು ಕೂಡಿಸುವುದು, ಹೀಗೆ ಹಾಡುತ್ತಿದ್ದರಂತೆ. ಬ್ಲೂಸ್ ಅಂತ ಜಗತ್ತೆಲ್ಲಾ ಕೇಳುವ ಸಂಗೀತದ ಬೇರು ಅಲ್ಲಿದೆಯಂತೆ. ನಮ್ಮ ಭಜನೆಯೂ ಹಾಂಗೇ ಅಲ್ಲೇನ್ರಿ? ಒಬ್ಬರು ಮುಂದೆ, ಹತ್ತು ಮಂದಿ ಹಿಂದೆ. ಅದನ್ನು ಕೇಳಿದ ದಿನ ನಮಗೆ ಬಹಳ ಸೋಜಿಗವಾಯಿತು. ಅವರ ಕಷ್ಟಕ್ಕೂ ನಮ್ಮದಕ್ಕೂ ಹೋಲಿಕೆ ಇಲ್ಲ ಬಿಡ್ರಿ.

ನಮ್ಮ ಜಿಲ್ಲೆಯನ್ನು ಬರಗಾಲದ ಜಿಲ್ಲೆ, ಹಿಂದುಳಿದ ಜಿಲ್ಲೆ ಅಂತ ಎಲ್ಲರೂ ಬರೆಯುತ್ತಾರೆ. ಎರಡು ಹೊಳಿ ನಡುವೆ ಇದ್ದು ನೀರಿಗೆ ಬಾಯಿಬಿಡುವ ಜಿಲ್ಲೆ. ಆದರೆ ಪದಗಳ ವಿಷಯಕ್ಕೆ ಬಂದರೆ ನಾವು ಶ್ರೀಮಂತರು. ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದರು, ಬ್ಯಾಗವಾಟದಲ್ಲಿ ಜಗನ್ನಾಥದಾಸರು. ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು. ವಿಜಯದಾಸರು ಎಂಥಾ ಬಡತನದಿಂದ ಬಂದವರು ಎಂಬುದನ್ನು ಹರಿಕಥೆ ಕೇಳಿದವರಿಗೆ ಹೇಳಬೇಕಿಲ್ಲ. ಜಗನ್ನಾಥದಾಸರ ಕತೆ ಅಂತೂ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವರು ಮೊದಲು ದೊಡ್ಡ ಸಂಸ್ಕೃತ ಪಂಡಿತರು, ಕನ್ನಡದಾಗ ಪದ ಹಾಡುವ ವಿಜಯದಾಸರ ಊಟದ ಕರೆಗೆ ಹೊಟ್ಟೆನೋವು ಅಂತ ಸುಳ್ಳು ನೆಪ ಹೇಳಿದರಂತೆ. ಆಮೇಲೆ ಖರೇನ ಹೊಟ್ಟೆನೋವು ಬಂತು. ಔಷಧಿ ತಾಗಲಿಲ್ಲ, ಕಡೆಗೆ ಗೋಪಾಲದಾಸರ ಹತ್ತಿರ ಹೋದರು. ಅವರು ದೇವರನ್ನು ಹಾಡಿ, ಜೋಳದ ರೊಟ್ಟಿ ತಿನ್ನಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದರು ಅನ್ನುತ್ತಾರೆ. ಇದನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ನಮಗೆ ಇದರಲ್ಲಿ ಹಿಡಿಸುವ ಮಾತು ಒಂದೇ. ಬೇನೆ ಬಂದವನನ್ನು ಹಾಡುವವನ ಹತ್ತಿರ ಕಳಿಸಿದರು, ಆ ಹಾಡುವವನು ಬರೇ ಹಾಡಿ ಬಿಡಲಿಲ್ಲ, ತನ್ನ ಆಯುಷ್ಯದಾಗಿನ ಪಾಲು ಕೊಟ್ಟ.

ದಾಸರ ಪದದಷ್ಟೇ ತತ್ವಪದ ನಮ್ಮವು. ಕಡಕೋಳ ಮಡಿವಾಳಪ್ಪನವರ ಪದ ಗೊತ್ತಿಲ್ಲದ ಭಜನಿ ಮಂಡಳಿ ಈ ಭಾಗದಾಗ ಇಲ್ಲ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲ ಸಾಹೇಬರೂ ಇದ್ದರು. ಮೊಹರಂ ಬಂತೆಂದರೆ ಅಲಾಯಿ ಕುಣಿಯ ಸುತ್ತ ರಿವಾಯತ ಪದ ಹಾಡುವವರಲ್ಲಿ ಯಾರು ಯಾವ ಜಾತಿ ಎಂದು ಲೆಕ್ಕ ಹಾಕಲಿಕ್ಕೆ ಆಗುವುದಿಲ್ಲ. ಇನ್ನು ದೊಡ್ಡ ಸಂಗೀತದಲ್ಲಿ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ರಾಯಚೂರಿನಲ್ಲೇ ಐತಿ. ವಡವಾಟಿ ಎಂಬ ಹಳ್ಳಿಯ ನರಸಿಂಹಲು ಅವರು ಬ್ಯಾಂಡಿನವರ ವಾದ್ಯವೆಂದು ಜನ ತಿಳಿದಿದ್ದ ಕ್ಲಾರಿಯೋನೆಟ್ಟಿನಲ್ಲಿ ಹಿಂದೂಸ್ತಾನಿ ರಾಗ ನುಡಿಸಿ ಹೆಸರು ಮಾಡಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರೇ, ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿದರು.

ಈಗ ನಮ್ಮ ಸೋಮವಾರದ ಭಜನಿಗೆ ಬರುತ್ತೇವೆ.

ರಾತ್ರಿ ಊಟ ಆದ ಮೇಲೆ ಒಂಬತ್ತೂವರಿಗೆ ಸುರು. ಗುಡಿಯ ಕಟ್ಟಿ ಮೇಲೆ ಒಂದು ಜಮಖಾನಿ. ಪೇಟಿ ಒಂದು, ತಬಲಾ ಡಗ್ಗಾ ಒಂದು ಜೋಡಿ, ಎರಡು ದಮ್ಮಡಿ, ಏಕತಾರಿ, ತಾಳ ಎಷ್ಟಿದ್ದರೂ ಕಡಿಮೆಯೇ. ಮಳೆಗಾಲದಾಗ ದಮ್ಮಡಿಯ ಚರ್ಮ ತಣ್ಣಗಾಗಿ ಧ್ವನಿ ಸತ್ತುಬಿಡುತ್ತದೆ. ಅದಕ್ಕೆ ಹತ್ತಿಕಟ್ಟಿಗಿ ಬೆಂಕಿ ಹಾಕಿ ಕಾಸಬೇಕು. ಆ ಬೆಂಕಿ ಸುತ್ತ ಕುಂತಾಗ ಅರ್ಧ ಊರಿನ ಸುದ್ದಿ ಹೊರಗೆ ಬರುತ್ತದೆ. ಪೇಟಿ ಬಾರಿಸುವ ತಾತಗೆ ಈಗ ಎಂಬತ್ತರ ಹತ್ತಿರ. ಕಣ್ಣು ಮಂಜಾಗೈತಿ, ಆದರೆ ಯಾರ ದನಿ ಯಾವ ಪಟ್ಟಿಗೆ ಹೊಂದುತ್ತದೆ ಎಂಬುದು ಕೆಮ್ಮಿದ ಕೂಡಲೇ ತಿಳಿಯುತ್ತದೆ. "ನೀ ಕರಿ ಒಂದಕ್ಕ ಬಾರಪ್ಪಾ, ಬಾಳ ಮ್ಯಾಲೆ ಹೋಗಿ ಆಮ್ಯಾಲೆ ಹಳ್ಳಕ್ಕ ಬೀಳಬ್ಯಾಡ" ಅನ್ನುತ್ತಾರೆ. ಮೊದಲಿನ ಎರಡು ಪದ ಚೆಂದ ಇರುವುದಿಲ್ಲ. ಎಲ್ಲರ ತಲಿಯಾಗ ಹೊಲ, ಎತ್ತು, ಕರೆಂಟು, ಗಂಜಿನ ದರ ತಿರುಗುತ್ತಿರುತ್ತದೆ. ತಾಳ ಒಬ್ಬರದು ಮುಂದೆ, ಒಬ್ಬರದು ಹಿಂದೆ. ಮೂರನೇ ಪದಕ್ಕೆ ಹದಕ್ಕೆ ಬರುತ್ತದೆ. ಹತ್ತು ಮಂದಿ ಒಂದೇ ಕಡೆ ಉಸಿರು ತಗೊಂಡು ಒಂದೇ ಕಡೆ ಬಿಡಬೇಕಲ್ಲ, ಆಗ ಎದೆಯ ಬಡಿತ ತಣ್ಣಗಾಗುತ್ತದೆ. ಹನ್ನೊಂದಕ್ಕೆ ಮಂಗಳಾರತಿ ಅಂತ ಲೆಕ್ಕ, ಒಂದು ಗಂಟೆ ಆಗಿರುತ್ತದೆ.

ಮೊದಲು ಕೆಲವು ಮಂದಿ ಕಟ್ಟಿಯ ಕೆಳಗೆ ನಿಂತು ಕೇಳಿ ಹೋಗುತ್ತಿದ್ದರು. ಅವರ ಓಣಿಯಲ್ಲಿ ನಮಗಿಂತ ಚೆಂದ ಹಾಡುವವರು ಇದ್ದರು ಎಂಬುದು ನಮಗೆ ಗೊತ್ತಿದ್ದೂ ಗೊತ್ತಿಲ್ಲದವರ ಹಾಂಗೆ ಇದ್ದೆವು. ಅದನ್ನು ಮುರಿಯಲಿಕ್ಕೆ ಬಹಳ ವರ್ಷ ಹಿಡಿಯಿತು. ಈಗ ಏಕತಾರಿ ಹಿಡಿಯುವವರು ಆ ಓಣಿಯವರೇ. ತಡ ಮಾಡಿದ್ದು ನಮ್ಮ ತಪ್ಪು.

2009ರ ಅಕ್ಟೋಬರಿನ ನೆರೆ ಎಲ್ಲರಿಗೂ ನೆನಪಿದೆ. ಮಂತ್ರಾಲಯಕ್ಕೇ ನೀರು ಹೊಕ್ಕಿತ್ತು. ಹೊಳಿ ದಂಡೆಯ ಊರಿನವರು ಸಾಲಿಮನಿಗಳಲ್ಲಿ ಇದ್ದರು. ನಾವು ಮನಿಮನಿಯಿಂದ ರೊಟ್ಟಿ, ಚಟ್ನಿಪುಡಿ ಕೂಡಿಸಿಕೊಂಡು ಟ್ರ್ಯಾಕ್ಟರಿನಲ್ಲಿ ಹೋಗಿದ್ದೆವು. ಒಬ್ಬ ಮುದುಕ ರೊಟ್ಟಿ ತಗೊಂಡು, "ತಮ್ಮಾ, ಮನಿ ಬಿದ್ದದ್ದು ಕಂಡೆ, ಕಾಳಿನ ಗುಮ್ಮಿ ಹೋದದ್ದು ಕಂಡೆ, ನನ್ನ ದಮ್ಮಡಿ ತೇಲಿ ಹೋದಾಗ ಅತ್ತೆ ನೋಡು" ಅಂದ. ನಮಗೆ ನಗು ಬರಬೇಕಿತ್ತು, ಬರಲಿಲ್ಲ. ಮರುದಿವಸ ನಮ್ಮ ಎರಡು ದಮ್ಮಡಿಯಲ್ಲಿ ಒಂದನ್ನು ಒಯ್ದು ಕೊಟ್ಟೆವು. ಆ ರಾತ್ರಿ ಆ ಸಾಲಿಮನಿಯಲ್ಲಿ ಅವರು ಹಾಡಿದ್ದನ್ನು ಕೇಳಬೇಕಿತ್ತು ನೀವು.

ಇನ್ನು ಹೇಳಬೇಕಾದ ಮಾತು ಕಠಿಣ ಇದೆ. ಹೇಳಬೇಕೋ ಬೇಡವೋ ಎಂದು ಮನೆಯವರನ್ನು ಕೇಳಿಯೇ ಬಂದಿದ್ದೇವೆ. ಹೆಸರು ಹೇಳುವುದಿಲ್ಲ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ತನಕ ರಾತ್ರಿಯೆಲ್ಲಾ ಹೆಣದ ಮುಂದೆ ಭಜನೆ ಮಾಡುವುದು ಪದ್ಧತಿ. ಯಾರ ಮನಿ, ಯಾವ ಪಾರ್ಟಿ ಅಂತ ನೋಡುವುದಿಲ್ಲ, ಸುದ್ದಿ ಬಂದರೆ ಪೇಟಿ ಹೊತ್ತುಕೊಂಡು ಹೋಗುವುದು. ಹಿಂಗೇ ಒಂದು ವರ್ಷ, ಎರಡು ಸಲ ಬಿತ್ತಿದರೂ ಮಳಿ ಕೈಕೊಟ್ಟ ವರ್ಷ, ಹತ್ತಿಗೆ ಗುಲಾಬಿ ಕಾಯಿಕೊರಕ ಬಿದ್ದಿತ್ತು, ನಮ್ಮ ಓರಗಿಯ ಒಬ್ಬ ರೈತ ತನ್ನ ಜೀವ ತಾನೇ ಕಳಕೊಂಡ. ನಮ್ಮ ಹೊಲದ ಬದುವಿಗೆ ಅವನ ಬದು. ಕೈಗಡ ಸಾಲ ಎಷ್ಟಿತ್ತೆಂದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಆ ರಾತ್ರಿ ಅವನ ಮುಂದೆ ಕುಂತು ಹಾಡಿದೆವು. ಸಣ್ಣವನಿದ್ದಾಗ ಅವನೂ ನಮ್ಮ ಜೊತೆ ತಾಳ ಹಾಕಿದವನೇ, ಮದುವಿ ಆದ ಮೇಲೆ ಬರುವುದು ಬಿಟ್ಟಿದ್ದ. ನಸುಕಿನ ಮೂರರ ಸುಮಾರಿಗೆ ಪೇಟಿ ತಾತ ಬಾರಿಸುವುದನ್ನು ನಿಲ್ಲಿಸಿಬಿಟ್ಟರು. ಏನಾಯಿತು ತಾತ ಅಂದೆವು. "ಇವನಿಗೆ ಪದ ಕೇಳಿಸಬೇಕಂತ ಇವತ್ತು ಹತ್ತು ಮಂದಿ ಬಂದೀವಿ. ಹೋದ ಸ್ವಾಮಾರ ಕರಿಯಾಕ ಒಬ್ಬರೂ ಹೋಗಲಿಲ್ಲಲ್ಲೋ" ಅಂದರು. ಆಮೇಲೆ ಬೆಳಗಾಗುವ ತನಕ ಹಾಡು ಸರಿಯಾಗಿ ಬರಲಿಲ್ಲ.

ಮುಂದಿನ ಸೋಮವಾರ ಕುಂತು ಒಂದು ಠರಾವು ಮಾಡಿದೆವು, ಸಂಘದ ಪುಸ್ತಕದಾಗ ಅಲ್ಲ, ಬಾಯಿಂದ. ತಿಂಗಳಿಗೆ ಎರಡು ಸೋಮವಾರ ಗುಡಿ ಬಿಟ್ಟು ಯಾರದಾದರೂ ಮನಿ ಅಂಗಳದಾಗ ಭಜನಿ. ಯಾರ ಮನಿಯಲ್ಲಿ ತಾಪತ್ರಯ ಐತಿ, ಯಾರು ಮಂದಿಯಾಗ ಬರುವುದು ಬಿಟ್ಟಾರ, ಅವರ ಮನಿಗೆ. ಚಹಾದ ಖರ್ಚೂ ಅವರ ಮೇಲೆ ಹಾಕಬಾರದು, ಸಕ್ಕರಿ ಚಹಾಪುಡಿ ನಾವೇ ಒಯ್ಯಬೇಕು. ಮತ್ತೊಂದು ಕಟ್ಟುನಿಟ್ಟು: ಭಜನಿಯೊಳಗೆ ಸಾಲದ ಮಾತು ತೆಗೆಯಬಾರದು, ಬುದ್ಧಿ ಹೇಳಬಾರದು.

ಈ ಕೊನೆಯ ಮಾತು ನಮ್ಮ ಕೊರಳಿಗೇ ಬಂತು. ಯಾಕೆಂದರೆ ನಾವು ಹಗಲು ಹೊತ್ತು ಸಂಘದ ನಿರ್ದೇಶಕರು. ಒಬ್ಬ ಸುಸ್ತಿದಾರರ ಮನಿಗೆ ಬುಧವಾರ ಕಾರ್ಯದರ್ಶಿಗಳ ಜೊತೆ ನೋಟೀಸು ಕೊಡಲು ಹೋಗಿದ್ದೆವು, ಅವರು ಬಾಗಿಲು ಮುಚ್ಚಿಕೊಂಡು ಒಳಗೆ ಕುಂತರು. ಮುಂದಿನ ಸೋಮವಾರ ಅದೇ ಅಂಗಳಕ್ಕೆ ತಾಳ ಹಿಡಿದು ಹೋದೆವು. ಅಂದೂ ಬಾಗಿಲು ತೆಗೆಯಲಿಲ್ಲ. ನಾವು ಹೊರಗೇ ಜಮಖಾನಿ ಹಾಸಿ ಸುರು ಮಾಡಿದೆವು. ನಾಲ್ಕನೇ ಪದಕ್ಕೆ ಅವರ ಮಗಳು ನೀರಿನ ತಂಬಿಗಿ ತಂದಿಟ್ಟಳು. ಐದೋ ಆರೋ ಪದಕ್ಕೆ ಅವರೇ ಬಂದು ಹಿಂದೆ ಕುಂತರು. ಹಾಡಲಿಲ್ಲ. ಮೂರನೇ ಸಲಕ್ಕೆ ಹಾಡಿದರು.

ಆಡಳಿತ ಮಂಡಳಿ ಸಭೆಯಲ್ಲಿ ನಮ್ಮನ್ನು ಕೇಳಿದರು: "ರಾತ್ರಿ ಅವರ ಜೋಡಿ ಕುಂತು ಪದ ಹಾಡಿದರ, ಹಗಲ ವಸೂಲಿ ಹೆಂಗ ಮಾಡ್ತೀರಿ?" ನಮಗೂ ಅದಕ್ಕೆ ಆಗ ಉತ್ತರ ಇರಲಿಲ್ಲ. ಸಂಘದ ದುಡ್ಡು ಎಂದರೆ ಬೇರೆ ರೈತರ ಷೇರು, ಠೇವಣಿ. ಅದನ್ನು ಬಿಟ್ಟುಕೊಡಲು ನಾವು ಯಾರು? ಆದರೆ ಒಂದು ರಾತ್ರಿ ಭಜನಿ ಮುಗಿದು ಎಲ್ಲರೂ ಎದ್ದ ಮೇಲೆ ಆ ಮನುಷ್ಯರು ತಾವಾಗಿ ಬಾಯಿ ಬಿಟ್ಟರು. ಬೀಜ ಗೊಬ್ಬರ ಹೊರಗೆ ಉದ್ರಿ ತಂದದ್ದು, ಅದರ ಬಡ್ಡಿ, ಮಗಳ ಮದುವಿಗೆ ಮಾಡಿದ ಕೈಗಡ. ಜೊತೆಗೆ ಬೆಳೆವಿಮೆ ದುಡ್ಡು ಬಂದಿಲ್ಲ ಅಂದರು. ಮರುದಿವಸ ಕಾಗದ ತರಿಸಿ ನೋಡಿದರೆ ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ಹೊಂದಿಲ್ಲ. ಅವರ ಅಪ್ಪನ ಹೆಸರು ಒಂದು ಕಡೆ ಒಂದು ತರಹ ಬರೆದಾರ. ಅದನ್ನು ಸರಿ ಮಾಡಿಸಲು ಎಂಟು ತಿಂಗಳು ಓಡಾಡಿದೆವು. ವಿಮೆಯ ಹಣ ಪೂರ್ತಿ ಬರಲಿಲ್ಲ, ಬಂದಷ್ಟು ಬಂತು. ಸಂಘದ ಸಾಲ ಎರಡು ವರ್ಷದಲ್ಲಿ ತೀರಿತು, ಮತ್ತೆ ಶೂನ್ಯ ಬಡ್ಡಿಯ ಬೆಳೆಸಾಲಕ್ಕೆ ಅವರು ಅರ್ಹರಾದರು. ಪದದಿಂದ ಸಾಲ ತೀರಲಿಲ್ಲ, ಹಿರಿಯರು ಹೇಳಿದ್ದು ಖರೆ. ಮುಚ್ಚಿದ ಬಾಯಿ ತೆಗೆಯಿತು, ಅಷ್ಟೇ. ನೋಟೀಸಿನಿಂದ ಅದು ಆಗಿರಲಿಲ್ಲ.

ಎಲ್ಲಾ ಕಡೆ ಹಿಂಗೇ ಆಯಿತು ಅಂತ ತಿಳಿಯಬ್ಯಾಡ್ರಿ. ಒಂದು ಮನಿಯವರು "ನಮ್ಮನೇನು ಸತ್ತವರ ಹಾಂಗ ಮಾಡಾಕ ಬಂದೀರೇನು" ಅಂತ ಬೈದು ಕಳಿಸಿದರು. ಅವರ ದೃಷ್ಟಿಯಲ್ಲಿ ಅದು ಸರಿಯೇ, ಅಂಗಳದಾಗಿನ ಭಜನಿ ಎಂದರೆ ಸಾವು ಎಂದೇ ನಮ್ಮ ಜನಕ್ಕೆ ರೂಢಿ. ಇನ್ನೊಬ್ಬ ಹುಡುಗನಿಗೆ ಕುಡಿತ, ನಾಲ್ಕು ಸೋಮವಾರ ಬಂದ, ದನಿ ಬಂಗಾರ, ಆಮೇಲೆ ಬರಲಿಲ್ಲ. ನಿದ್ದಿ ಊಟ ಬಿಟ್ಟು ಕೂತವರು, ಜೀವ ಬೇಡ ಅನ್ನುವ ಮಾತಾಡುವವರು, ಇಂಥವರಿಗೆ ಪದ ಒಂದೇ ಸಾಲದು ಎಂಬುದನ್ನೂ ಕಲಿತೆವು. ಡಾಕ್ಟರ ಹತ್ತಿರ ಕರಕೊಂಡು ಹೋಗಬೇಕು. 2022ರಿಂದ ಸರ್ಕಾರದ ಟೆಲಿ ಮಾನಸ್ ಅಂತ ಉಚಿತ ಫೋನು ಐತಿ, ನಂಬರು 14416. ಕನ್ನಡದಾಗೇ ಮಾತಾಡುತ್ತಾರೆ. ಆ ನಂಬರನ್ನು ನಮ್ಮ ಪೇಟಿಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇವೆ.

ಊರಾಗಿನ ಒಂದು ಚುನಾವಣೆ ನಮ್ಮ ಮಂಡಳಿಯನ್ನೂ ಒಡೆಯಿತು. ಪೇಟಿ ಒಂದು ಪಾರ್ಟಿಯವರ ಮನಿಯಲ್ಲಿ, ತಬಲಾ ಇನ್ನೊಂದು ಪಾರ್ಟಿಯವರಲ್ಲಿ. ಒಂದೂವರಿ ವರ್ಷ ಕಟ್ಟಿ ಸುಮ್ಮನೆ ಇತ್ತು. ಶ್ರಾವಣವೂ ಸುಮ್ಮನೆ ಹೋಯಿತು. ಆ ಸಂಗತಿ ಇಷ್ಟೇ ಸಾಕು, ಎರಡೂ ಕಡೆಯವರು ಮುಂದೇ ಕುಂತಾರ. ಒಬ್ಬ ಮುದುಕಿ ತೀರಿಕೊಂಡಾಗ ಎರಡೂ ಕಡೆಯವರು ಹೋಗಲೇಬೇಕಾಯಿತು, ಪೇಟಿ ತಬಲಾ ಅಲ್ಲಿ ಕೂಡಿದವು.

ತಾಯಂದಿರ ಮಾತು ಉಳಿಯಿತು. ಹೋದ ವರ್ಷ ಸ್ವಸಹಾಯ ಗುಂಪಿನವರು ನಮಗೆ ಒಂದು ಪ್ರಶ್ನೆ ಹಾಕಿದರು: "ಗಂಡಸರಿಗೆ ಸ್ವಾಮಾರ ಐತಿ, ನಮಗ ಯಾವ ವಾರ?" ಸೋಬಾನ ಪದ ಹಾಡಲು ಮದುವಿಗೆ ಕರೀತಾರ, ಆಮೇಲೆ ಯಾರೂ ಕೇಳುವುದಿಲ್ಲ. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರು ಅಕ್ಷರ ಕಲಿಯದೆ ಬುರ್ರಕಥೆಗಳನ್ನು ನೆನಪಿನಲ್ಲಿ ಇಟ್ಟುಕೊಂಡು ಹಾಡಿದರು, ಹಂಪಿ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು, 2014ರಲ್ಲಿ ತೀರಿಕೊಂಡರು. ನಮ್ಮ ಊರಾಗೂ ಬೀಸುವ ಪದ ಬಲ್ಲ ಅಜ್ಜಿಯರು ಇನ್ನೂ ನಾಲ್ಕೈದು ಮಂದಿ ಇದ್ದಾರೆ. ಅವರಿಗೆ ಕಲ್ಲು ಬೇಡ, ಕೂಡಲು ಒಂದು ಜಾಗ ಬೇಕು, ಸಂಜೆಯ ಅಡಿಗಿ ಕೆಲಸದಿಂದ ಒಂದು ತಾಸು ಬಿಡುವು ಬೇಕು. ಜಾಗವನ್ನು ಸಂಘ ಕೊಡಬಹುದು. ಬಿಡುವನ್ನು ಮನಿಯ ಗಂಡಸರು ಕೊಡಬೇಕು, ಅದಕ್ಕೆ ಠರಾವು ಮಾಡಿದರೆ ನಡೆಯುವುದಿಲ್ಲ.

ಆದ್ದರಿಂದ ಮಾನ್ಯ ಅಧ್ಯಕ್ಷರಲ್ಲಿ ಎರಡು ವಿನಂತಿ. ಹಳೆಯ ಗೊಬ್ಬರದ ಗೋದಾಮಿನ ಮುಂದಿನ ಕೋಣೆ ಈಗ ಖಾಲಿ ಐತಿ, ವಾಸನಿ ಹೋಗಲು ಸುಣ್ಣ ಹೊಡೆದರೆ ಸಾಕು. ಅದನ್ನು ಶುಕ್ರವಾರ ಸಂಜೆ ತಾಯಂದಿರಿಗೆ ಬಿಟ್ಟುಕೊಡಬೇಕು, ಉಳಿದ ದಿನ ವಾದ್ಯ ಇಡಲು ನಮಗೆ. ಎರಡನೆಯದು, ಆರೇಳು ಹುಡುಗರು ತಬಲಾ ಕಲಿಯುತ್ತೇವೆ ಅಂತಾರ. ರಾಯಚೂರಿನಿಂದ ವಾರಕ್ಕೊಮ್ಮೆ ಬರಲು ಒಬ್ಬ ಮೇಷ್ಟ್ರು ಒಪ್ಪಿದ್ದಾರೆ, ಅವರ ಬಸ್ ಚಾರ್ಜಿಗೆ ಸಂಘದ ಶಿಕ್ಷಣ ನಿಧಿಯಿಂದ ಆಗುತ್ತದೆಯೇ ನೋಡಬೇಕು. ಆಗದಿದ್ದರೆ ಪಟ್ಟಿ ಎತ್ತುತ್ತೇವೆ, ಸಿಟ್ಟಾಗುವುದಿಲ್ಲ.

ಪೇಟಿಯ ಎರಡು ಸುರ ಹೋಗಿವೆ, ರಿಪೇರಿಗೆ ಕೊಟ್ಟಿದ್ದೇವೆ. ಶನಿವಾರ ಬರುತ್ತದೆ ಅಂದಿದ್ದಾರೆ. ಈ ಸೋಮವಾರದ ಭಜನಿ ಕೆರಿ ದಾರಿಯ ಮನಿ ಅಂಗಳದಾಗ, ಯಾರ ಮನಿ ಅಂತ ನಿಮಗೆ ಗೊತ್ತೇ ಐತಿ. ಒಂಬತ್ತೂವರಿಗೆ ಬರ್ರಿ, ತಾಳ ನಿಮ್ಮ ನಿಮ್ಮವು ತರ್ರಿ, ನಮ್ಮಲ್ಲಿ ಕಡಿಮಿ ಬೀಳುತ್ತಾವ.